ದಿನವೂ ವ್ಯಾಯಾಮ ಮಾಡಿದರೂ ಮೈ ತುಂಬುತ್ತಿಲ್ಲ: ರೊಟ್ಟಿ, ಕಾಳಿನ ಊಟದಲ್ಲಿ ಎಷ್ಟು ಉಂಡರೆ ಸಾಕು?

ಪ್ರಶ್ನೆ
ರೋಣದವನು, ಸದ್ಯ ಧಾರವಾಡ

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವನು. ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 26, ಎತ್ತರ 174 ಸೆಂಟಿಮೀಟರ್, ತೂಕ 57 ಕಿಲೊ. ಸುಮಾರು ಒಂದು ವರ್ಷದಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಜಿಮ್‌ಗೆ ಹೋಗುತ್ತಿದ್ದೇನೆ; ಉಳಿದ ದಿನಗಳಲ್ಲಿ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಐದು ಕಿಲೊಮೀಟರ್ ಓಡುತ್ತೇನೆ. ಆರಂಭದ ಕೆಲವು ತಿಂಗಳು ಎತ್ತುವ ಭಾರ ಚೆನ್ನಾಗಿ ಏರಿತು, ಭುಜ ಮತ್ತು ತೋಳುಗಳಲ್ಲಿ ಸ್ವಲ್ಪ ಬದಲಾವಣೆಯೂ ಕಾಣಿಸಿತು. ಆಮೇಲೆ ಭಾರವೂ ಏರಲಿಲ್ಲ, ತೂಕವೂ ಏರಲಿಲ್ಲ. ಹಳೆಯ ಅಂಗಿಗಳು ಈಗಲೂ ಹಾಗೆಯೇ ಸಡಿಲವಾಗಿವೆ.

ನನ್ನ ಊಟದ ವಿವರವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಬೆಳಿಗ್ಗೆ ಜಿಮ್‌ಗೆ ಹೋಗುವ ಮೊದಲು ಒಂದು ಕಪ್ ಚಹಾ, ಎರಡು ಬಿಸ್ಕತ್ತು. ಬಂದ ಮೇಲೆ ಒಂದು ಪ್ಲೇಟ್ ಉಪ್ಪಿಟ್ಟು ಅಥವಾ ಅವಲಕ್ಕಿ. ಮಧ್ಯಾಹ್ನ ಕಚೇರಿಯ ಹತ್ತಿರದ ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ, ಸ್ವಲ್ಪ ಅನ್ನ, ಸಾರು. ಸಂಜೆ ಚಿಗರಿ ಬಸ್ ಹತ್ತುವ ಮೊದಲು ಚಹಾ ಮತ್ತು ಗಿರ್ಮಿಟ್ ಅಥವಾ ಎರಡು ಮಿರ್ಚಿ ಭಜಿ. ರಾತ್ರಿ ಎರಡು ಚಪಾತಿ ಅಥವಾ ರೊಟ್ಟಿ, ಪಲ್ಯ, ಸ್ವಲ್ಪ ಅನ್ನ, ಮಜ್ಜಿಗೆ. ಅವ್ವ ಊರಿನಿಂದ ಶೇಂಗಾ ಹಿಂಡಿ (ಚಟ್ನಿಪುಡಿ) ಕಳಿಸುತ್ತಾಳೆ, ಅದು ರೊಟ್ಟಿಯ ಜೊತೆಗೆ ಇರುತ್ತದೆ. ಪ್ರತಿ ಸಲವೂ ಹೊಟ್ಟೆ ತುಂಬಿದ ಮೇಲೆಯೇ ಏಳುತ್ತೇನೆ.

ಜಿಮ್‌ನಲ್ಲಿ ಹೇಳಿಕೊಡುವವರು ರೊಟ್ಟಿ, ಅನ್ನಗಳನ್ನು ಬಿಟ್ಟು ಕೋಳಿ ಮಾಂಸ ಮತ್ತು ಓಟ್ಸ್ ತಿನ್ನಬೇಕು, ಇಲ್ಲವಾದರೆ ಪ್ರೋಟೀನ್ ಪುಡಿ ಕುಡಿಯಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಂಸವಿಲ್ಲ. ಮೊಟ್ಟೆಯನ್ನು ಹೊರಗೆ ತಿನ್ನುತ್ತೇನೆ, ಕೋಣೆಯ ಮಾಲೀಕರು ಒಳಗೆ ತರಬಾರದು ಎಂದು ಮೊದಲೇ ಹೇಳಿದ್ದಾರೆ. ಮೂರು ವಿಷಯ ತಿಳಿಯಬೇಕಾಗಿದೆ. ನನ್ನಂಥವನು ದಿನಕ್ಕೆ ಎಷ್ಟು ಉಣ್ಣಬೇಕು? ಜೋಳದ ರೊಟ್ಟಿ ಮತ್ತು ಕಾಳುಗಳಿಂದ ಸ್ನಾಯು ಬೆಳೆಯುತ್ತದೆಯೇ? ಪುಡಿ ಇಲ್ಲದೆ ಆಗುವುದೇ ಇಲ್ಲವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1
ವಿದ್ಯಾನಗರದ ಗೆಳೆಯ, ಹುಬ್ಬಳ್ಳಿ

ನೀವು ಬರೆದ ಊಟದಲ್ಲಿ ಪ್ರೋಟೀನ್ ಬಹಳ ಕಡಿಮೆ ಇದೆ ಎಂದು ಮೇಲುನೋಟಕ್ಕೇ ಗೊತ್ತಾಗುತ್ತದೆ. ಕೆಲಸ, ಪ್ರಯಾಣ ಮತ್ತು ಖಾನಾವಳಿ ಊಟದ ನಡುವೆ ಲೆಕ್ಕ ಹಾಕಿ ಉಣ್ಣುವುದು ಕಷ್ಟ. ಆದ್ದರಿಂದ ವ್ಹೇ ಎಂಬ ಹಾಲಿನ ಪ್ರೋಟೀನಿನ ಒಂದು ಒಳ್ಳೆಯ ಪುಡಿಯನ್ನು ದಿನಕ್ಕೆ ಒಂದು ಚಮಚೆ, ಅಂದರೆ ಡಬ್ಬಿಯಲ್ಲಿಯೇ ಇರುವ ಅಳತೆಯ ಚಮಚೆಯಷ್ಟು, ನೀರಿನಲ್ಲಿ ಕದಡಿ ಕುಡಿಯಿರಿ. ಸುಮಾರು 24 ಗ್ರಾಂ ಪ್ರೋಟೀನ್ ಸಿಗುತ್ತದೆ, ಹೊಟ್ಟೆಗೂ ಭಾರವಾಗುವುದಿಲ್ಲ.

ಉತ್ತರ 2
ಆಹಾರ ಮತ್ತು ಪೋಷಣೆ ಕಲಿಸುವವಳು, ಧಾರವಾಡ

ನೀವು ದಿನದ ಊಟವನ್ನು ಬಿಡಿಸಿ ಬರೆದದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಪುಡಿಯ ಮಾತನ್ನು ಕೊನೆಗೆ ಆಡೋಣ, ಏಕೆಂದರೆ ನಿಮ್ಮ ಮೊದಲ ಕೊರತೆ ಪ್ರೋಟೀನಿನದಲ್ಲ, ಒಟ್ಟು ಆಹಾರದ್ದು.

ಎರಡು ರೊಟ್ಟಿಗೆ ಸುಮಾರು 120 ಗ್ರಾಂ ಜೋಳದ ಹಿಟ್ಟು ಬೇಕಾಗುತ್ತದೆ ಎಂದು ಹಿಡಿದರೆ ಅದರಿಂದ 400 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್ ಬರುತ್ತದೆ. ಖಾನಾವಳಿಯ ಪಲ್ಯ, ಅನ್ನ, ಸಾರು ಎಲ್ಲ ಸೇರಿಸಿದರೆ ನಿಮ್ಮ ಮಧ್ಯಾಹ್ನದ ಊಟ ಅಂದಾಜು 800 ಕ್ಯಾಲರಿಯದು, ರಾತ್ರಿಯದು 650ರ ಆಸುಪಾಸು. ಉಪ್ಪಿಟ್ಟು ಒಂದು ಪ್ಲೇಟಿಗೆ 280, ಸಂಜೆಯ ಮಿರ್ಚಿ, ಚಹಾ 250, ಬೆಳಗಿನ ಚಹಾ, ಬಿಸ್ಕತ್ತು 130. ಒಟ್ಟು 2100 ಕ್ಯಾಲರಿ, ಪ್ರೋಟೀನ್ ಸುಮಾರು 55 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಶಿಫಾರಸಿನಲ್ಲಿ 65 ಕಿಲೊ ತೂಕದ, ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2110 ಕ್ಯಾಲರಿ, ಮಧ್ಯಮ ಶ್ರಮದವನಿಗೆ 2710 ಕ್ಯಾಲರಿ ಎಂದಿದೆ. ನೀವು ವ್ಯಾಯಾಮವನ್ನು ಮಧ್ಯಮ ಶ್ರಮದವನಂತೆ ಮಾಡುತ್ತಿದ್ದೀರಿ, ಊಟವನ್ನು ಕುಳಿತು ಕೆಲಸ ಮಾಡುವವನಂತೆ ಮಾಡುತ್ತಿದ್ದೀರಿ. ನಿಮ್ಮ ತೂಕಕ್ಕೆ ಲೆಕ್ಕ ಹಾಕಿದರೆ ಇದ್ದಷ್ಟು ತೂಕ ಉಳಿಸಿಕೊಳ್ಳಲಿಕ್ಕೇ 2400 ಕ್ಯಾಲರಿಗಿಂತ ತುಸು ಹೆಚ್ಚು ಬೇಕು. ಅದರ ಮೇಲೆ 300ರಿಂದ 400 ಕ್ಯಾಲರಿ ಸೇರಿದಾಗ ಮಾತ್ರ ಹೊಸ ಸ್ನಾಯು ಕಟ್ಟಲು ದೇಹಕ್ಕೆ ಅನುಕೂಲವಾಗುತ್ತದೆ. ಇದು ಅಂದಾಜಿನ ಲೆಕ್ಕ. ಖಾನಾವಳಿಯವರು ಹಾಕುವ ಎಣ್ಣೆಯ ಪ್ರಮಾಣದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಆದರೂ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟವಾಗಿದೆ.

ಹೊಟ್ಟೆ ತುಂಬಿದ ಮೇಲೆಯೇ ಏಳುತ್ತೇನೆ ಎಂದಿದ್ದೀರಿ, ಅದು ನಿಜವೇ. ಜೋಳ, ಕಾಳು, ಸೊಪ್ಪು ಎಲ್ಲವೂ ನಾರು ಹೆಚ್ಚಿರುವ ಪದಾರ್ಥಗಳು. ಅವು ಬೇಗ ಹೊಟ್ಟೆ ತುಂಬಿಸುತ್ತವೆ ಮತ್ತು ಬಹಳ ಹೊತ್ತು ಹಸಿವಾಗಗೊಡುವುದಿಲ್ಲ. ತೂಕ ಇಳಿಸಬೇಕಾದವರಿಗೆ ಇದೊಂದು ದೊಡ್ಡ ವರ, ನಿಮ್ಮಂಥವರಿಗೆ ಇದೇ ಅಡ್ಡಿ. ಆದ್ದರಿಂದ ಇನ್ನೆರಡು ರೊಟ್ಟಿ ಹೆಚ್ಚು ಉಣ್ಣಿರಿ ಎಂದು ನಾನು ಹೇಳುವುದಿಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಕೊಡುವ ಹಾಲು ಮತ್ತು ಶೇಂಗಾಗಳನ್ನು ಊಟದ ನಡುವಿನ ಹೊತ್ತಿನಲ್ಲಿ ಸೇರಿಸಿರಿ ಎನ್ನುತ್ತೇನೆ.

ಇನ್ನು ಪ್ರೋಟೀನ್. ಸಾಮಾನ್ಯ ಆರೋಗ್ಯಕ್ಕೆ ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ ಸಾಕು. ನಿಮ್ಮ ಲೆಕ್ಕದಲ್ಲಿ 47 ಗ್ರಾಂ. ಅದು ನಿಮಗೆ ಈಗಾಗಲೇ ಸಿಗುತ್ತಿದೆ. ಭಾರ ಎತ್ತುವ ವ್ಯಾಯಾಮ ಮಾಡಿ ಸ್ನಾಯು ಬೆಳೆಸುವವರಿಗೆ ಪ್ರತಿ ಕಿಲೊಗೆ 1.6 ಗ್ರಾಂ ಎಂಬುದು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪುವ ಗುರಿ. ಅದಕ್ಕಿಂತ ಬಹಳ ಹೆಚ್ಚು ತಿಂದರೆ ಬಹುತೇಕರಿಗೆ ಹೆಚ್ಚಿನ ಲಾಭವೇನೂ ಕಾಣುವುದಿಲ್ಲ. ನಿಮಗೆ ಅದು ದಿನಕ್ಕೆ ಸುಮಾರು 90 ಗ್ರಾಂ. ಒಂದೇ ಹೊತ್ತಿಗೆ ಅಷ್ಟನ್ನೂ ತುಂಬುವುದಕ್ಕಿಂತ ನಾಲ್ಕು ಹೊತ್ತಿಗೆ ಇಪ್ಪತ್ತು, ಇಪ್ಪತ್ತೈದು ಗ್ರಾಂನಂತೆ ಹಂಚಿಕೊಳ್ಳುವುದು ಒಳ್ಳೆಯದು. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ತಿನ್ನದಿದ್ದರೆ ಎಲ್ಲವೂ ವ್ಯರ್ಥ ಎಂಬ ಮಾತನ್ನು ಜಿಮ್‌ಗಳಲ್ಲಿ ಕೇಳಿರುತ್ತೀರಿ, ಅದಕ್ಕೆ ಅಂಜಬೇಕಾಗಿಲ್ಲ. ಒಂದು ಸಲ ಚೆನ್ನಾಗಿ ದುಡಿದ ಸ್ನಾಯು ಮುಂದಿನ ಒಂದು ದಿನದ ಮೇಲೂ ಪ್ರೋಟೀನನ್ನು ಹೆಚ್ಚು ಬಳಸಿಕೊಳ್ಳುತ್ತಲೇ ಇರುತ್ತದೆ. ಆದರೆ ಒಂದು ಮಾತು ನೆನಪಿರಲಿ. ಒಟ್ಟು ಕ್ಯಾಲರಿ ಸಾಲದಿದ್ದಾಗ ದೇಹವು ತಿಂದ ಪ್ರೋಟೀನಿನ ಒಂದು ಭಾಗವನ್ನು ಶಕ್ತಿಗಾಗಿಯೇ ಉರಿಸಿಬಿಡುತ್ತದೆ. ಊಟ ಹೆಚ್ಚಿಸದೆ ಬರೀ ಪುಡಿ ಕುಡಿದವರಲ್ಲಿ ಅನೇಕರಿಗೆ ಫಲ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಜೋಳದ ರೊಟ್ಟಿಯನ್ನು ಬಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಜೋಳದಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಅದರಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನನ್ನು ಕಟ್ಟುವ ಘಟಕಗಳಲ್ಲಿ ಒಂದು) ಕಡಿಮೆ, ಜೋಳದ ಪ್ರೋಟೀನ್ ಜೀರ್ಣವಾಗುವುದೂ ಹಾಲಿನದಕ್ಕಿಂತ ಕಡಿಮೆ. ಹೆಸರು, ಮಡಿಕೆ, ಅಲಸಂದಿ, ಕಡಲೆ ಮುಂತಾದ ಕಾಳುಗಳಲ್ಲಿ ಲೈಸಿನ್ ಧಾರಾಳವಾಗಿದ್ದು ಮೆಥಿಯೊನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ ಇರುತ್ತದೆ. ಅದನ್ನು ಜೋಳ ತುಂಬಿಕೊಡುತ್ತದೆ. ರೊಟ್ಟಿಯ ಜೊತೆ ಕಾಳು ಪಲ್ಯ ಉಣ್ಣುವ ನಮ್ಮ ಭಾಗದ ಪದ್ಧತಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ತೊಂದರೆ ಇರುವುದು ಪ್ರಮಾಣದಲ್ಲಿ. ಖಾನಾವಳಿಯ ತಟ್ಟೆಯಲ್ಲಿ ಕಾಳು ಪಲ್ಯ ಒಂದು ಸಣ್ಣ ಬಟ್ಟಲು, ಅದರಲ್ಲಿ ಒಣ ಕಾಳಿನ ಲೆಕ್ಕ 20 ಗ್ರಾಂ ಇದ್ದರೆ ಹೆಚ್ಚು. ರೊಟ್ಟಿಗೆ ಪಲ್ಯ ಹಚ್ಚಿಕೊಳ್ಳುವ ಬದಲು, ಪಲ್ಯವೂ ರೊಟ್ಟಿಯಷ್ಟೇ ಮುಖ್ಯ ಎಂಬಂತೆ ಉಣ್ಣಬೇಕು.

ನಿಮಗೆ ನನ್ನ ಸಲಹೆ ಹೀಗಿದೆ. ದಿನಕ್ಕೆ ಅರ್ಧ ಲೀಟರ್ ಎಮ್ಮೆ ಹಾಲನ್ನು ಎರಡು ಭಾಗ ಮಾಡಿ, ಬೆಳಿಗ್ಗೆ ಜಿಮ್‌ನಿಂದ ಬಂದ ಮೇಲೆ ಒಂದು ಲೋಟ, ರಾತ್ರಿ ಮಲಗುವ ಮೊದಲು ಒಂದು ಲೋಟ ಕುಡಿಯಿರಿ. ಇದರಿಂದ ಸುಮಾರು 530 ಕ್ಯಾಲರಿ, 18 ಗ್ರಾಂ ಪ್ರೋಟೀನ್ ಬರುತ್ತದೆ. ಸಂಜೆಯ ಮಿರ್ಚಿ ಬಿಟ್ಟು ಅದೇ ಹೊತ್ತಿಗೆ ಹುರಿದ ಶೇಂಗಾ 50 ಗ್ರಾಂ, ಅಂದರೆ ಒಂದು ದೊಡ್ಡ ಹಿಡಿಗಿಂತ ಸ್ವಲ್ಪ ಹೆಚ್ಚು, ಬೇಕಾದರೆ ಒಂದು ತುಂಡು ಬೆಲ್ಲದೊಂದಿಗೆ ತಿನ್ನಿರಿ. ಇದು 270 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಒಣ ಲೆಕ್ಕದಲ್ಲಿ 50 ಗ್ರಾಂ ಹೆಸರು ಅಥವಾ ಮಡಿಕೆ ಕಾಳನ್ನು ಮೊಳಕೆ ತರಿಸಿ ಬೆಳಗಿನ ಉಪ್ಪಿಟ್ಟಿನ ಜೊತೆಗೋ ರಾತ್ರಿಯ ಊಟದ ಜೊತೆಗೋ ಸೇರಿಸಿರಿ. 150 ಕ್ಯಾಲರಿ, 11 ಗ್ರಾಂ. ಇಷ್ಟು ಮಾಡಿದರೆ ನಿಮ್ಮ ದಿನದ ಲೆಕ್ಕ 2800 ಕ್ಯಾಲರಿ ಮತ್ತು 90 ಗ್ರಾಂ ಪ್ರೋಟೀನಿಗೆ ಬಂದು ನಿಲ್ಲುತ್ತದೆ. ಹೊರಗೆ ಎರಡು ಮೊಟ್ಟೆ ತಿಂದ ದಿನ ಇನ್ನೂ 12 ಗ್ರಾಂ ಸೇರುತ್ತದೆ. ರೋಣ, ನರಗುಂದದ ಕಡೆ ಎರೆಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಮತ್ತು ಕಡಲೆ ಬೆಳೆಯುವ ಮನೆತನದವರು ನೀವು. ಈ ಪಟ್ಟಿಯಲ್ಲಿ ನಿಮ್ಮ ಮನೆಯ ಹಗೇವು, ಹಿತ್ತಲುಗಳಿಗೆ ಹೊರತಾದದ್ದು ಏನೂ ಇಲ್ಲ.

ಊರಿನಿಂದ ತಂದ ಶೇಂಗಾ ವಿಷಯದಲ್ಲಿ ಒಂದು ಎಚ್ಚರಿಕೆ. ಸರಿಯಾಗಿ ಒಣಗದೆ ಬೂಸ್ಟು ಬಂದ, ಕಪ್ಪಾದ, ಕಹಿಯಾದ ಕಾಳುಗಳನ್ನು ಆರಿಸಿ ಚೆಲ್ಲಬೇಕು. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಅದು ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಓಟದ ಬಗ್ಗೆಯೂ ಹೇಳಬೇಕು. ಒಂದು ಕಿಲೊಮೀಟರ್ ಓಡಿದರೆ ದೇಹದ ತೂಕದ ಪ್ರತಿ ಕಿಲೊಗೆ ಹತ್ತಿರ ಹತ್ತಿರ ಒಂದು ಕ್ಯಾಲರಿ ಖರ್ಚಾಗುತ್ತದೆ. ಐದು ಕಿಲೊಮೀಟರಿಗೆ ನಿಮ್ಮದು 285 ಕ್ಯಾಲರಿ, ಅಂದರೆ ನಾನು ಹೇಳಿದ ಶೇಂಗಾ ಪೂರ್ತಿ. ಹೃದಯಕ್ಕೆ ಓಟ ಒಳ್ಳೆಯದು, ನಿಲ್ಲಿಸಬೇಡಿ. ವಾರಕ್ಕೆ ಒಂದು ಅಥವಾ ಎರಡು ದಿನಕ್ಕೆ ಇಳಿಸಿ, ಓಡಿದ ದಿನ ಅಷ್ಟು ಹೆಚ್ಚು ಉಣ್ಣಿರಿ. ಜೊತೆಗೆ ಜಿಮ್‌ನಲ್ಲಿ ಎತ್ತಿದ ಭಾರವನ್ನೂ ಎಷ್ಟು ಸಲ ಎತ್ತಿದಿರಿ ಎಂಬುದನ್ನೂ ಒಂದು ವಹಿಯಲ್ಲಿ ಬರೆದಿಡಿರಿ. ಭಾರವಾಗಲಿ ಎತ್ತುವ ಸಲಗಳಾಗಲಿ ವಾರದಿಂದ ವಾರಕ್ಕೆ ನಿಧಾನವಾಗಿ ಏರದಿದ್ದರೆ, ಹೆಚ್ಚು ಉಂಡದ್ದು ಸ್ನಾಯುವಾಗದೆ ಹೊಟ್ಟೆಯ ಸುತ್ತಲಿನ ಕೊಬ್ಬಾಗುತ್ತದೆ.

ಕೊನೆಗೆ ಪುಡಿ. ವ್ಹೇ ಎಂಬುದು ಹಾಲಿನಿಂದ ಚೀಸ್ ತೆಗೆದಾಗ ಉಳಿಯುವ ನೀರಿನಿಂದ ಬೇರ್ಪಡಿಸಿದ ಪ್ರೋಟೀನ್, ಅದರಲ್ಲಿ ಕೆಡುಕೇನೂ ಇಲ್ಲ. ವಿದ್ಯಾನಗರದ ಗೆಳೆಯರು ಹೇಳಿದಂತೆ ಅನುಕೂಲವೂ ಹೌದು. ಆದರೆ ಒಂದು ಚಮಚೆ ಪುಡಿಯನ್ನು ನೀರಿನಲ್ಲಿ ಕುಡಿದರೆ ಸಿಗುವುದು 120 ಕ್ಯಾಲರಿ ಮಾತ್ರ, ನಿಮ್ಮ ಕೊರತೆ 700 ಕ್ಯಾಲರಿಯದು. ಮೇಲೆ ಹೇಳಿದ್ದನ್ನು ರೂಢಿಸಿಕೊಂಡ ಮೇಲೆಯೂ ಪ್ರೋಟೀನ್ ಗುರಿ ಮುಟ್ಟದಿದ್ದರೆ, ಆಗ ಕೊಳ್ಳುವ ವಿಚಾರ ಮಾಡಿರಿ. ಕೊಳ್ಳುವಾಗ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿರಿ.

ಉತ್ತರ 3
ಗರಡಿಯ ಹಳಬ, ಹಾವೇರಿ

ತಮ್ಮಾ, ಮೇಡಂ ಅವರು ಲೆಕ್ಕವನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಓದಿದವನಲ್ಲ, ಹರೆಯದಲ್ಲಿ ಕುಸ್ತಿ ಹಿಡಿದವನು, ಈಗ ಊರ ಗರಡಿಯಲ್ಲಿ ಹುಡುಗರಿಗೆ ಸಾಮು ಕಲಿಸುತ್ತೇನೆ. ನಮ್ಮಲ್ಲಿ ಪೈಲ್ವಾನನಾಗಬೇಕೆಂದು ಬರುವ ಹುಡುಗನಿಗೆ ಮೊದಲು ಕೇಳುವ ಪ್ರಶ್ನೆ, ಮನೆಯಲ್ಲಿ ಖುರಾಕು ಕೊಡುವ ಶಕ್ತಿ ಇದೆಯೇ ಎಂಬುದು. ಹಾಲು, ತುಪ್ಪ, ಬಾದಾಮಿ ಇಲ್ಲದೆ ಬರೀ ದಂಡ, ಬೈಠಕ್ ಹೊಡೆಸಿದರೆ ಹುಡುಗ ಸೊರಗುತ್ತಾನೆಯೇ ಹೊರತು ಬೆಳೆಯುವುದಿಲ್ಲ ಎಂಬುದು ಹಿಂದಿನ ವಸ್ತಾದರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಊರಿನ ದೊಡ್ಡ ಮನೆಗಳವರು ಪೈಲ್ವಾನನಿಗೆ ಹಿಂಡುವ ಎಮ್ಮೆಯನ್ನೇ ಕಟ್ಟಿಕೊಡುತ್ತಿದ್ದರು.

ನೀನು ಬರೆದದ್ದರಲ್ಲಿ ಎರಡು ಸಂಗತಿ ನನಗೆ ಕಾಣಿಸಿದವು. ನೀನು ಭುಜ ಮತ್ತು ತೋಳಿನ ಮಾತನ್ನಷ್ಟೇ ಆಡಿದ್ದೀಯೇ, ತೊಡೆಯ ಮಾತು ಆಡಿಲ್ಲ. ದೇಹದ ದೊಡ್ಡ ಸ್ನಾಯುಗಳೆಲ್ಲ ತೊಡೆ, ಸೊಂಟ ಮತ್ತು ಬೆನ್ನಿನಲ್ಲಿ ಇವೆ. ಹೆಗಲ ಮೇಲೆ ಭಾರ ಹೊತ್ತು ಬೈಠಕ್ ಮಾಡುವುದನ್ನು ವಾರಕ್ಕೆ ಎರಡು ದಿನ ತಪ್ಪಿಸಬೇಡ. ಕಾಲು ದಣಿದ ದಿನ ಹಸಿವು ತಾನಾಗಿಯೇ ಬರುತ್ತದೆ, ಹೆಚ್ಚು ಉಣ್ಣಲಿಕ್ಕೆ ಯಾರೂ ಒತ್ತಾಯ ಮಾಡಬೇಕಾಗುವುದಿಲ್ಲ. ಇನ್ನೊಂದು ನಿದ್ದೆ. ಹುಬ್ಬಳ್ಳಿಯಿಂದ ತಡವಾಗಿ ಬಂದು, ಮಧ್ಯರಾತ್ರಿಯವರೆಗೆ ಮೊಬೈಲ್ ನೋಡಿ, ನಸುಕಿನಲ್ಲಿ ಎದ್ದು ಭಾರ ಎತ್ತುವವನ ಮೈ ತುಂಬುವುದಿಲ್ಲ. ಏಳೆಂಟು ತಾಸು ಮಲಗಲೇಬೇಕು. ಖುರಾಕಿನ ಹೊತ್ತು ಮಾತ್ರ ಎಂದೂ ತಪ್ಪಬಾರದು; ಒಂದು ದಿನ ಎರಡು ಲೀಟರ್ ಹಾಲು ಕುಡಿದು ಮೂರು ದಿನ ಬಿಡುವುದಕ್ಕಿಂತ ದಿನವೂ ಅರ್ಧ ಲೀಟರ್ ಕುಡಿಯುವವನೇ ಮುಂದೆ ಬರುತ್ತಾನೆ.

ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಎರಡು ತಿಂಗಳಲ್ಲಿ ಮೈ ಮಾಡಿಕೊಡುತ್ತೇನೆ ಎಂದು ಯಾರಾದರೂ ಸೂಜಿ ಅಥವಾ ಗುಳಿಗೆಯನ್ನು ತೋರಿಸಿದರೆ ಅಲ್ಲಿಂದ ಎದ್ದು ಬಾ. ಸ್ಟೆರಾಯ್ಡ್‌ಗಳಿಂದ ಹೃದಯ, ಯಕೃತ್ತು ಕೆಡುತ್ತವೆ, ಗಂಡಸರಿಗೆ ಮಕ್ಕಳಾಗುವ ಶಕ್ತಿಯೇ ಕುಂದುತ್ತದೆ. ನಮ್ಮ ಕಡೆಯ ಒಳ್ಳೊಳ್ಳೆಯ ಹುಡುಗರು ಇದಕ್ಕೆ ಬಲಿಯಾಗಿ ಕುಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ಉತ್ತರ 4
ಎರಡು ಮಕ್ಕಳ ತಾಯಿ, ಹುಬ್ಬಳ್ಳಿ

ಮೇಡಂ ಅವರ ಲೆಕ್ಕವನ್ನು ಖಾನಾವಳಿಯ ಊಟಕ್ಕೆ ಮತ್ತು ಅಡುಗೆಮನೆ ಇಲ್ಲದ ಕೋಣೆಗೆ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾನೂ ಭಾರ ಎತ್ತುವ ವ್ಯಾಯಾಮ ಮಾಡುತ್ತೇನೆ, ಕೆಲಸಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಳ್ಳುತ್ತೇನೆ.

ಖಾನಾವಳಿಯವರಿಗೆ ಮೊದಲೇ ಹೇಳಿಟ್ಟರೆ ಎರಡನೆಯ ಸಲದ ಅನ್ನದ ಬದಲು ಇನ್ನೊಂದು ಬಟ್ಟಲು ಕಾಳು ಪಲ್ಯ ಹಾಕುತ್ತಾರೆ. ತಿಂಗಳ ಲೆಕ್ಕದಲ್ಲಿ ಉಣ್ಣುವವರ ಮಾತಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಝುಣಕ ಮಾಡಿದ ದಿನ ಅದನ್ನೇ ಹೆಚ್ಚು ಹಾಕಿಸಿಕೊಳ್ಳಿರಿ, ಏಕೆಂದರೆ ಕಡಲೆ ಹಿಟ್ಟಿನಲ್ಲಿ ನೂರು ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರು ಕೇಳಿರಿ. ಕೋಣೆಯಲ್ಲಿ ರಾತ್ರಿ ಹೆಸರು ಕಾಳು ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬರುತ್ತದೆ. ಹಸಿಯಾಗಿಯೇ ತಿನ್ನುವುದಕ್ಕಿಂತ ಕೆಟಲಿನಲ್ಲಿ ಕುದಿಸಿದ ನೀರನ್ನು ಅದರ ಮೇಲೆ ಸುರಿದು ಹತ್ತು ನಿಮಿಷ ಮುಚ್ಚಿಟ್ಟು, ನೀರು ಬಸಿದು, ಉಳ್ಳಾಗಡ್ಡಿ, ನಿಂಬೆಹುಳಿ, ಉಪ್ಪು ಸೇರಿಸಿ ತಿಂದರೆ ಹೊಟ್ಟೆಗೆ ಒಳ್ಳೆಯದು. ಚೀಲದಲ್ಲಿ ಪುಟಾಣಿ (ಹುರಿಗಡಲೆ) ಮತ್ತು ಶೇಂಗಾ ಬೆರೆಸಿದ ಡಬ್ಬಿಯೊಂದು ಯಾವಾಗಲೂ ಇರಲಿ, ಬಸ್ಸಿನಲ್ಲಿ ಕುಳಿತೇ ತಿನ್ನಬಹುದು. ಮನೆಗೆ ಹೋದಾಗ ಅವ್ವನಿಗೆ ಸೋಯಾ ಚಂಕ್ಸ್ ಪಲ್ಯ ಮಾಡಲು ಹೇಳಿರಿ. ಒಣ ಲೆಕ್ಕದಲ್ಲಿ ಅದರ ಅರ್ಧದಷ್ಟು ಪ್ರೋಟೀನೇ ಇರುತ್ತದೆ, ಮಸಾಲೆ ಚೆನ್ನಾಗಿ ಹಿಡಿದರೆ ಮನೆಯವರಿಗೂ ಸೇರುತ್ತದೆ.

ಈ ಚರ್ಚೆಯನ್ನು ಓದುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಭಾರ ಎತ್ತಿದರೆ ಗಂಡಸರಂತೆ ಆಗುತ್ತೇವೆ ಎಂಬ ಅಂಜಿಕೆ ಬೇಡ, ನಮ್ಮ ದೇಹದಲ್ಲಿ ಅದಕ್ಕೆ ಬೇಕಾದ ಹಾರ್ಮೋನು ಅಷ್ಟು ಪ್ರಮಾಣದಲ್ಲಿ ಇರುವುದಿಲ್ಲ. ನಮ್ಮ ನಿಜವಾದ ತೊಂದರೆ ಬೇರೆ. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಲು ಕುಳಿತಾಗ ರೊಟ್ಟಿ ಮತ್ತು ಚಟ್ನಿ ಉಳಿದಿರುತ್ತವೆ, ಕಾಳು ಪಲ್ಯದ ಪಾತ್ರೆ ಖಾಲಿಯಾಗಿರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿದು, ವ್ಯಾಯಾಮವನ್ನೂ ಮಾಡಿ, ಹೀಗೆ ಉಂಡರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರಬೇಕು? ನಾನು ನನ್ನ ಪಾಲಿನ ಪಲ್ಯ ಮತ್ತು ಮೊಸರನ್ನು ಮೊದಲೇ ಬೇರೆ ಬಟ್ಟಲಿನಲ್ಲಿ ತೆಗೆದಿಡುತ್ತೇನೆ. ನಮಗೆ ಕಬ್ಬಿಣಾಂಶವೂ ಗಂಡಸರಿಗಿಂತ ಹೆಚ್ಚು ಬೇಕು, ದಿನಕ್ಕೆ 29 ಮಿಲಿಗ್ರಾಂ ಎಂಬ ಶಿಫಾರಸು ಇದೆ. ಆದ್ದರಿಂದ ಊಟವಾದ ಕೂಡಲೇ ಚಹಾ ಕುಡಿಯುವುದನ್ನು ಬಿಟ್ಟು ಒಂದು ತಾಸು ತಡೆಯುವುದು ಒಳ್ಳೆಯದು. ಊಟದಲ್ಲಿನ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳಲು ಚಹಾ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ
ರೋಣದವನು, ಸದ್ಯ ಧಾರವಾಡ

ಮೇಡಂ ಅವರಿಗೂ, ವಸ್ತಾದರಿಗೂ, ಹುಬ್ಬಳ್ಳಿಯ ಅಕ್ಕನವರಿಗೂ, ವಿದ್ಯಾನಗರದ ಗೆಳೆಯರಿಗೂ ಮನಃಪೂರ್ವಕ ಧನ್ಯವಾದಗಳು. ಕಿರಾಣಿ ಅಂಗಡಿಯಲ್ಲಿ 50 ಗ್ರಾಂ ಶೇಂಗಾ ಮತ್ತು 50 ಗ್ರಾಂ ಹೆಸರು ತೂಗಿಸಿ ನೋಡಿದೆ. ಕಣ್ಣಳತೆಯಲ್ಲಿ ಅಂದುಕೊಂಡದ್ದಕ್ಕಿಂತ ಶೇಂಗಾ ಹೆಚ್ಚೇ ಇತ್ತು. ಹಾಲು, ಶೇಂಗಾ, ಮೊಳಕೆ ಕಾಳು ಮೂರನ್ನೂ ಆರಂಭಿಸಿ ಕೆಲವು ವಾರಗಳಾದವು. ತೂಕ ನಿಧಾನವಾಗಿ ಏರುತ್ತಿದೆ, ಬೈಠಕ್‌ನಲ್ಲಿ ಎತ್ತುವ ಭಾರವೂ ಏರಿದೆ.

ಇನ್ನು ಕೆಲವು ಸಂಶಯಗಳಿವೆ. ಕಾಳು ಹೆಚ್ಚಿಸಿದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ, ಕಚೇರಿಯಲ್ಲಿ ಕುಳಿತಾಗ ತೊಂದರೆಯಾಗುತ್ತದೆ. ಶ್ರಾವಣ ಮಾಸದಲ್ಲಿ ನಮ್ಮ ಮನೆಯಲ್ಲಿ ಸೋಮವಾರ ಒಪ್ಪತ್ತು ಮಾಡುತ್ತೇವೆ, ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಆ ದಿನ ಏನು ಮಾಡಬೇಕು? ಇಷ್ಟು ಪ್ರೋಟೀನ್ ತಿಂದರೆ ಕಿಡ್ನಿಗೆ ತೊಂದರೆ ಎಂದು ಅಪ್ಪ ಹೆದರಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ ಇದೆ. ವಸ್ತಾದರು ಹೇಳಿದ ಬಾದಾಮಿಯನ್ನೂ ಸೇರಿಸಬೇಕೇ?

ಉತ್ತರ 5
ಆಹಾರ ಮತ್ತು ಪೋಷಣೆ ಕಲಿಸುವವಳು, ಧಾರವಾಡ

ಹೊಟ್ಟೆ ಉಬ್ಬರಿಸುವುದು ಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆಗಳಿಂದ. ಅವು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿದಾಗ ಗಾಳಿ ಉಂಟಾಗುತ್ತದೆ. ಕಾಳಿನ ಪ್ರಮಾಣವನ್ನು ಸದ್ಯ ಅರ್ಧಕ್ಕೆ ಇಳಿಸಿ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿರಿ. ನೆನೆ ಹಾಕಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು. ಕಡಲೆಗಿಂತ ಹೆಸರು ಬೇಗ ಜೀರ್ಣವಾಗುತ್ತದೆ, ಆದ್ದರಿಂದ ಮೊದಲು ಹೆಸರನ್ನೇ ಬಳಸಿರಿ. ಅಡುಗೆಗೆ ಇಂಗು ಮತ್ತು ಅಜವಾನ ಹಾಕುವ ರೂಢಿಯನ್ನೂ ಬಿಡಬೇಡಿ. ಉಬ್ಬರ ಕಾಳಿನಿಂದಲ್ಲದೆ ಹಾಲಿನಿಂದಲೂ ಆಗಿರಬಹುದು. ನಾಲ್ಕು ದಿನ ಹಾಲಿನ ಬದಲು ಅಷ್ಟೇ ಮೊಸರು ತಿಂದು ನೋಡಿರಿ; ಕಡಿಮೆಯಾದರೆ ಮೊಸರನ್ನೇ ಮುಂದುವರಿಸಿರಿ, ಪ್ರೋಟೀನಿನಲ್ಲಿ ನಷ್ಟವಿಲ್ಲ.

ಒಪ್ಪತ್ತನ್ನು ನಿಶ್ಚಿಂತೆಯಿಂದ ಮಾಡಿರಿ. ಸ್ನಾಯು ಬೆಳೆಯುವುದು ವಾರಗಳ, ತಿಂಗಳುಗಳ ಲೆಕ್ಕದಲ್ಲಿ. ವಾರಕ್ಕೊಂದು ದಿನ ಕಡಿಮೆ ಉಂಡರೆ ಕೆಲಸ ಕೆಡುವುದಿಲ್ಲ. ಸೋಮವಾರ ಜಿಮ್‌ಗೆ ಬಿಡುವು ಕೊಟ್ಟು ಕಾಲಿನ ವ್ಯಾಯಾಮವನ್ನು ಬುಧವಾರಕ್ಕೆ ಇಟ್ಟುಕೊಳ್ಳಿರಿ. ಒಪ್ಪತ್ತಿನ ದಿನ ಫಲಾಹಾರಕ್ಕೆ ನಿಮ್ಮ ಮನೆಯಲ್ಲಿ ಹಾಲು, ಮೊಸರು, ಬಾಳೆಹಣ್ಣು, ಶೇಂಗಾ ನಡೆಯುತ್ತವೆಯಾದರೆ ಅವುಗಳಿಂದಲೇ ಸಾಕಷ್ಟು ಪ್ರೋಟೀನ್ ಬರುತ್ತದೆ, ಮತ್ತು ಊಟದ ಹೊತ್ತಿಗೆ ಕಾಳು ಪಲ್ಯವನ್ನು ಹೆಚ್ಚು ಬಡಿಸಿಕೊಳ್ಳಬಹುದು.

ಕಿಡ್ನಿಯ ವಿಷಯದಲ್ಲಿ ತಂದೆಯವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆರೋಗ್ಯವಾಗಿರುವ ಕಿಡ್ನಿಗೆ ಪ್ರತಿ ಕಿಲೊಗೆ 1.6 ಗ್ರಾಂ ಪ್ರಮಾಣದಿಂದ ಹಾನಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಈಗಾಗಲೇ ಕಿಡ್ನಿ ದುರ್ಬಲವಾಗಿರುವವರಿಗೆ ಪ್ರೋಟೀನಿಗೆ ಮಿತಿ ಹಾಕಬೇಕಾಗುತ್ತದೆ, ಮತ್ತು ಬಹಳ ವರ್ಷದ ಸಕ್ಕರೆ ಕಾಯಿಲೆ ಕಿಡ್ನಿಯನ್ನು ಸದ್ದಿಲ್ಲದೆ ಕೆಡಿಸಬಲ್ಲದು. ಆದ್ದರಿಂದ ನಿಮ್ಮ ತಟ್ಟೆಯನ್ನು ನೋಡಿ ತಂದೆಯವರು ತಮ್ಮ ಊಟ ಬದಲಿಸುವುದು ಬೇಡ. ಅವರು ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಲಿ. ಮನೆಯಲ್ಲಿ ಈ ಕಾಯಿಲೆ ಇರುವುದರಿಂದ ನೀವೂ ಒಂದು ಸಲ ಸಕ್ಕರೆ ಮತ್ತು ಕ್ರಿಯಾಟಿನಿನ್ ನೋಡಿಸಿಕೊಂಡರೆ ಇಬ್ಬರಿಗೂ ಸಮಾಧಾನ.

ಬಾದಾಮಿ ಒಳ್ಳೆಯದೇ, ಆದರೆ ಹತ್ತು ಬಾದಾಮಿಯಲ್ಲಿ ಸಿಗುವುದು ಎರಡೂವರೆ ಗ್ರಾಂ ಪ್ರೋಟೀನ್ ಮಾತ್ರ. ತೂಕಕ್ಕೆ ತೂಕ ಹೋಲಿಸಿದರೆ ಶೇಂಗಾದಲ್ಲಿಯೇ ಪ್ರೋಟೀನ್ ಹೆಚ್ಚು, ಬೆಲೆ ಬಹಳ ಕಡಿಮೆ. ವಸ್ತಾದರ ಖುರಾಕಿನಲ್ಲಿ ಪೈಲ್ವಾನರನ್ನು ಬೆಳೆಸಿದ್ದು ಮುಖ್ಯವಾಗಿ ಹಾಲು ಮತ್ತು ತಪ್ಪದ ಹೊತ್ತು ಎಂದು ನನಗನಿಸುತ್ತದೆ. ತುಪ್ಪವನ್ನು ಬಿಸಿ ರೊಟ್ಟಿಗೆ ಒಂದು ಚಮಚೆ ಹಾಕಿಕೊಂಡರೆ ಸಾಕು. ಅದು ಶಕ್ತಿ ಕೊಡುತ್ತದೆ, ಪ್ರೋಟೀನ್ ಕೊಡುವುದಿಲ್ಲ.

ಮುಂದಿನ ತಿಂಗಳುಗಳಲ್ಲಿ ವಾರಕ್ಕೆ ಮೂರು ಸಲ, ಬೆಳಿಗ್ಗೆ ಎದ್ದು ಏನೂ ಸೇವಿಸುವ ಮೊದಲು ತೂಕ ನೋಡಿ ಅದರ ಸರಾಸರಿಯನ್ನು ಬರೆದಿಡಿರಿ. ಒಂದು ದಿನದ ಏರಿಳಿತ ನೀರು, ಉಪ್ಪಿನದಾಗಿರುತ್ತದೆ. ವಾರಕ್ಕೆ 150ರಿಂದ 300 ಗ್ರಾಂ ಏರುತ್ತಿದ್ದರೆ ಸರಿಯಾಗಿ ನಡೆದಿದೆ ಎಂದರ್ಥ. ಮೂರು ವಾರವಾದರೂ ಏರದಿದ್ದರೆ ಇನ್ನೊಂದು ರೊಟ್ಟಿಯನ್ನು ಶೇಂಗಾ ಹಿಂಡಿ ಮತ್ತು ಎಣ್ಣೆಯೊಂದಿಗೆ ಸೇರಿಸಿರಿ. ಅದಕ್ಕಿಂತ ವೇಗವಾಗಿ ಏರಿ ಸೊಂಟದ ಸುತ್ತಳತೆ ಹೆಚ್ಚಾದರೆ ಅಷ್ಟನ್ನು ಕಡಿಮೆ ಮಾಡಿರಿ. ಇಷ್ಟು ಉಂಡರೂ ತೂಕ ಇಳಿಯುತ್ತಿದ್ದರೆ, ಅಥವಾ ಸಂಜೆ ಜ್ವರ, ಬಿಡದ ಕೆಮ್ಮು, ಅತಿಯಾದ ಬಾಯಾರಿಕೆ, ಎದೆ ಬಡಿತ ಕಾಣಿಸಿದರೆ ಊಟದ ಲೆಕ್ಕವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆಗಳು ಹೀಗೆಯೇ ಕಾಣಿಸಿಕೊಳ್ಳುತ್ತವೆ. ಮಾಂಸ ತಿನ್ನದವರಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯವಾಗಿರುವುದರಿಂದ, ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಹೋದಾಗ ಬಿ12 ಪರೀಕ್ಷೆಯನ್ನೂ ಜೊತೆಗೇ ಮಾಡಿಸಿರಿ.